ಊರಿನ ಜಮಾಖರ್ಚು
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಅಂದರೇನು ಅಂತ ಕಡೂರು, ತರೀಕೆರೆ, ಅಜ್ಜಂಪುರಗಳಿಂದ ಬಂದು ಕೂತಿರುವ ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ದುಡಿದು ಉಳಿಸಿದ ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆ. ಅಸಲನ್ನು ಯಾರೂ ಮುಟ್ಟುವಂತಿಲ್ಲ. ಬಡ್ಡಿಯಲ್ಲಿ ವರ್ಷಕ್ಕೊಂದು ಸಭೆ, ಒಂದು ಮಾತು, ಒಂದು ಲೋಟ ಕಾಫಿ. ಈ ದತ್ತಿಯ ಪತ್ರದಲ್ಲಿ ಉಪನ್ಯಾಸದ ವಿಷಯ ಊರಿಗೆ ಉಪಯೋಗ ಆಗುವಂಥದ್ದು ಇರಬೇಕು ಅಂತ ಒಂದೇ ಷರತ್ತು ಇದೆ. ಹಾಗಾಗಿ ಊರಿನ ದುಡ್ಡಿನ ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇನೆ. ಪುರಸಭೆಯ ಬಜೆಟ್ ನನ್ನ ವಿಷಯ.

ಸಾಹಿತ್ಯದ ವೇದಿಕೆಯಲ್ಲಿ ಲೆಕ್ಕದ ಮಾತು ಏಕೆ ಅಂತ ಕೆಲವರಿಗೆ ಅನ್ನಿಸಬಹುದು. ಪ್ರತಿ ವರ್ಷ ನಿಮ್ಮ ಊರಲ್ಲಿ, ನಿಮ್ಮ ಭಾಷೆಯಲ್ಲಿ, ನಿಮ್ಮ ಬೀದಿಯ ಬಗ್ಗೆ ಒಂದು ಪುಸ್ತಕ ಅಚ್ಚಾಗುತ್ತದೆ. ಅದರಲ್ಲಿ ನಿಮ್ಮ ನಲ್ಲಿಯ ನೀರಿದೆ, ಮೋರಿ ಇದೆ, ಬೀದಿದೀಪ ಇದೆ, ಸ್ಮಶಾನಕ್ಕೆ ಹೋಗುವ ದಾರಿ ಇದೆ. ಅಷ್ಟೆಲ್ಲ ಇದ್ದರೂ ಆ ಪುಸ್ತಕವನ್ನು ಯಾರೂ ಓದುವುದಿಲ್ಲ. ಸರ್ಕಾರಿ ಕನ್ನಡದಲ್ಲಿ ಅದಕ್ಕೆ ಆಯವ್ಯಯ ಅಂತ ಹೆಸರು. ನಮ್ಮ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ವಾರವಾರ ಬರೆಯುವ ಪುಸ್ತಕಕ್ಕೆ ಜಮಾಖರ್ಚು ಅನ್ನುತ್ತಾರೆ. ಎರಡೂ ಒಂದೇ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಎದ್ದು ಹೋಗದೆ ಕೂರುವ ಆ ಹೆಣ್ಣುಮಕ್ಕಳೇ ಊರಿನ ಆಯವ್ಯಯದ ಸಭೆ ಎಂದರೆ ಮಾತ್ರ ಅದು ದೊಡ್ಡವರ ವ್ಯವಹಾರ ಅಂದುಕೊಳ್ಳುತ್ತಾರೆ. ಈ ಅಂತರ ನನ್ನನ್ನು ಬಹಳ ವರ್ಷದಿಂದ ಕಾಡಿದೆ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಬಹಳ ಹಿಂದೆ ಒಂದು ಪುಟ್ಟ ಪಟ್ಟಣದ ಕಚೇರಿಯಲ್ಲಿ ಲೆಕ್ಕದ ಮೇಜಿನ ಹಿಂದೆ ಕೂತಿದ್ದೆ. ಊರಿನ ಹೆಸರು ಬೇಡ. ಬಜೆಟ್ ಸಭೆಯ ಹಿಂದಿನ ರಾತ್ರಿ ಎಂಟೂವರೆ ಆಗಿರಬಹುದು. ಕೂಡಿ ಕಳೆದರೆ ಖರ್ಚು ಜಾಸ್ತಿ, ಜಮಾ ಕಡಿಮೆ. ಕೊರತೆ ಬಜೆಟ್ ಮಂಡಿಸಿದರೆ ಮರುದಿನದ ಪತ್ರಿಕೆಯಲ್ಲಿ ಮಾನ ಹೋಗುತ್ತದೆ ಅಂತ ಎಲ್ಲರಿಗೂ ಚಿಂತೆ. ಖರ್ಚಿನ ಒಂದು ಬಾಬನ್ನೂ ಕಡಿಮೆ ಮಾಡಲು ಯಾರೂ ಒಪ್ಪಲಿಲ್ಲ. ಕೊನೆಗೆ "ಕಂದಾಯ ಬಾಕಿ ವಸೂಲಿ" ಅನ್ನುವ ಸಾಲಿನಲ್ಲಿ ನಾನು ಬರೆದಿದ್ದ ಸಂಖ್ಯೆಯನ್ನು ನಾನೇ ಹೊಡೆದುಹಾಕಿ ಅದರ ಎರಡರಷ್ಟು ಬರೆದೆ. ಕೊರತೆ ಮಾಯವಾಯಿತು, ಉಳಿತಾಯ ಬಂತು. ಮಾರನೇ ದಿನ ಮೇಜು ತಟ್ಟಿ ಅನುಮೋದಿಸಿದರು. ಆ ವರ್ಷ ಬಾಕಿ ಎರಡರಷ್ಟು ವಸೂಲಾಗಲಿಲ್ಲ. ಆಗದು ಅಂತ ಬರೆಯುವಾಗಲೇ ನನಗೆ ಗೊತ್ತಿತ್ತು. ಮೂರು ಬೀದಿಯ ಚರಂಡಿ ಆ ಸುಳ್ಳು ಅಂಕಿಯ ಮೇಲೆ ನಿಂತಿತ್ತು. ಮಳೆಗಾಲದಲ್ಲಿ ಆ ಬೀದಿಗಳಲ್ಲಿ ನಡೆದು ಹೋಗುವಾಗ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಆ ರಾತ್ರಿಯಿಂದ ನಾನು ಬಜೆಟ್ ಪುಸ್ತಕ ಓದುವ ರೀತಿಯೇ ಬದಲಾಯಿತು. ಆ ಪುಸ್ತಕದ ಪ್ರತಿ ಪುಟದಲ್ಲೂ ನಾಲ್ಕು ಕಾಲಂ ಇರುತ್ತವೆ: ಹಿಂದಿನ ವರ್ಷ ನಿಜವಾಗಿ ಆದದ್ದು, ಈ ವರ್ಷಕ್ಕೆ ಅಂದಾಜು ಮಾಡಿದ್ದು, ಅದೇ ಅಂದಾಜನ್ನು ತಿದ್ದಿದ್ದು, ಮುಂದಿನ ವರ್ಷದ ಅಂದಾಜು. ಪತ್ರಿಕೆಗೆ ಹೋಗುವುದು, ಭಾಷಣದಲ್ಲಿ ಬರುವುದು ಕೊನೆಯ ಕಾಲಂ. ನಾನು ಮೊದಲನೆಯದನ್ನು ಓದುತ್ತೇನೆ. ನಿಮಗೂ ಅದನ್ನೇ ಕಲಿಸಿಕೊಡಬೇಕು ಅಂತ ಈ ಹೊತ್ತು ನಿಂತಿದ್ದೇನೆ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡೋಣ.

ಕಡೂರನ್ನೇ ತೆಗೆದುಕೊಳ್ಳಿ, ಅದು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರ. 1865ರಲ್ಲಿ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. ಆದರೂ 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ರೈಲು, ಬಿ.ಎಚ್. ರಸ್ತೆ, ಸುತ್ತಲ ಬಯಲಿನ ತೆಂಗು, ರಾಗಿ ಎಲ್ಲ ಇಲ್ಲಿಗೆ ಬಂದು ಕೂಡುತ್ತವೆ. ಇಂಥ ಊರಿಗೆ ಹಿಂದೆ ದೊಡ್ಡ ಆದಾಯ ಇದ್ದದ್ದು ಸುಂಕದಿಂದ. ಊರ ಬಾಗಿಲಲ್ಲಿ ಒಂದು ಚೌಕಿ, ಅಡ್ಡ ಒಂದು ಬಿದಿರ ಗಳ, ಗಾಡಿಯಲ್ಲಿ ಬಂದ ಮೂಟೆಗೆ ಇಷ್ಟು ಅಂತ ಆಕ್ಟ್ರಾಯ್. ಎಪ್ಪತ್ತು ದಾಟಿದವರಿಗೆ ಆ ಗಳದ ನೆನಪು ಇದ್ದೇ ಇರುತ್ತದೆ. ವ್ಯಾಪಾರಕ್ಕೆ ಅದು ಕಿರಿಕಿರಿ, ಲಂಚಕ್ಕೆ ದಾರಿ ಅಂತ 1979ರಲ್ಲಿ ರಾಜ್ಯ ಅದನ್ನು ತೆಗೆಯಿತು. ತೆಗೆದದ್ದು ಸರಿಯೇ. ಆದರೆ ಆ ದಿನದಿಂದ ಊರು ತಾನೇ ದುಡಿಯುತ್ತಿದ್ದ ಹಣ ಹೋಗಿ, ಬೆಂಗಳೂರಿನಿಂದ ಬರುವ ಪರಿಹಾರಕ್ಕೆ ಕೈ ಚಾಚುವ ಅಭ್ಯಾಸ ಶುರುವಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆಯೂ ಹೋಯಿತು. ಹೆದ್ದಾರಿ ಬದಿಯ ದೊಡ್ಡ ಫಲಕಗಳಿಂದ ಈಗ ಊರಿಗೆ ಬರುವುದು ನೆಲದ ಬಾಡಿಗೆ, ಪರವಾನಗಿ ಶುಲ್ಕ, ಅಷ್ಟೇ.

ಉಳಿದದ್ದು ಮನೆ ಕಂದಾಯ. 2002ರಿಂದ ಅದನ್ನು ನಾವೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಇದೆ. ಇತ್ತೀಚಿನ ತಿದ್ದುಪಡಿಯ ನಂತರ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವೇ ಅದಕ್ಕೆ ಆಧಾರ, ಮತ್ತು ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸಬೇಕು. ಒಂದು ಮನೆಯ ಚಲನ್ ಕೈಗೆ ತೆಗೆದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ತೆರಿಗೆ 1,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆರೋಗ್ಯ ಕರ ಶೇ 15, ಅಂದರೆ 150 ರೂಪಾಯಿ. ಗ್ರಂಥಾಲಯ ಕರ ಶೇ 6, ಅದು 60. ಭಿಕ್ಷುಕರ ಕರ ಶೇ 3, ಅದು 30. ನೀವು ಕಟ್ಟುವುದು 1,240ಕ್ಕೆ ಬಂತು, ಜೊತೆಗೆ ಕಸದ ಶುಲ್ಕ ಬೇರೆ. ಈ 240 ರೂಪಾಯಿ ಊರಿನದ್ದಲ್ಲ. ಪುರಸಭೆ ವಸೂಲಿಯ ಖರ್ಚಿಗೆ ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ಆಯಾ ಇಲಾಖೆಗೆ ಕಳಿಸಬೇಕು. ಗ್ರಂಥಾಲಯ ಕರವನ್ನು 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲು ಮಾಡುತ್ತಾರೆ. ಊರಿನ ಲೈಬ್ರರಿಗೆ ಹೊಸ ಪುಸ್ತಕ ಬರಲಿಲ್ಲ ಅಂತ ನಾವು ಕೊರಗುವಾಗ, ನಮ್ಮ ಊರಿಂದ ಆ 60 ರೂಪಾಯಿ ಹೋಯಿತೇ, ಇನ್ನೂ ಪುರಸಭೆಯ ಖಾತೆಯಲ್ಲೇ ಕೂತಿದೆಯೇ ಅಂತ ಒಬ್ಬರಾದರೂ ಕೇಳಬೇಕು. ಸಾಹಿತ್ಯದ ಸಭೆಯಲ್ಲಿ ಕೂತವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗಿಂತ ಜಾಸ್ತಿ ಇದೆ ಅಂತ ನಾನು ನಂಬಿದ್ದೇನೆ.

ಏಪ್ರಿಲ್ ಮೂವತ್ತರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಕಟ್ಟಿದರೆ ಇದ್ದಷ್ಟು. ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ. ಏಪ್ರಿಲ್‌ನಲ್ಲಿ ಬಂದು ಸರದಿಯಲ್ಲಿ ನಿಲ್ಲುವವರು ಯಾರು ಅಂತ ನಾನು ಕೌಂಟರ್‌ನ ಒಳಗಿನಿಂದ ಎಷ್ಟೋ ವರ್ಷ ನೋಡಿದ್ದೇನೆ. ನಿವೃತ್ತ ಮೇಷ್ಟ್ರು, ಗಂಡ ತೀರಿಕೊಂಡ ಹೆಂಗಸರು, ಎರಡು ಕೋಣೆ ಮನೆಯವರು, ಚಿಲ್ಲರೆ ಅಂಗಡಿಯವರು. ಕರವಸ್ತ್ರದಲ್ಲಿ ಸುತ್ತಿದ ದುಡ್ಡು ಬಿಚ್ಚಿ ಎಣಿಸಿ ಕೊಟ್ಟು, ರಸೀದಿಯನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡು ಹೋಗುವವರು. ಬಾಕಿಯ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುವ ದೊಡ್ಡ ಮೊತ್ತಗಳು ಅವರವಲ್ಲ. ಅವು ಮೂರಂತಸ್ತಿನ ಕಟ್ಟಡಗಳವು, ಕಲ್ಯಾಣಮಂಟಪಗಳವು, ಕೆಲವು ಕಡೆ ಸರ್ಕಾರಿ ಕಚೇರಿಗಳವೂ ಹೌದು.

ಲೆಕ್ಕದ ಭಾಷೆಯಲ್ಲಿ ಇದಕ್ಕೆ ಡಿಸಿಬಿ ಅನ್ನುತ್ತಾರೆ: ಬೇಡಿಕೆ, ವಸೂಲಿ, ಬಾಕಿ. ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ನಿಂತಿತು. ಬಿಲ್ ಕಲೆಕ್ಟರ್ ಹತ್ತಿರ ವಾರ್ಡುವಾರು ಈ ಪಟ್ಟಿ ಇರುತ್ತದೆ. ಕಡೂರಿಗೆ 23 ವಾರ್ಡು, ತರೀಕೆರೆಗೂ 23. ಒಂದೊಂದು ವಾರ್ಡಿನ ಆ ಒಂದು ಹಾಳೆಯನ್ನು ಆಯಾ ವಾರ್ಡಿನ ಅರಳಿಕಟ್ಟೆಯ ಹತ್ತಿರ ಅಂಟಿಸಿದರೆ ಬಜೆಟ್ ಅರ್ಧ ಅರ್ಥವಾದಂತೆ. ಮಳಿಗೆಗಳ ಬಾಡಿಗೆಯ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಅಂಟಿಸಬೇಕು. ಪುರಸಭೆಯ ಮಳಿಗೆಗಳನ್ನು ಬಹಿರಂಗ ಹರಾಜಿನಲ್ಲಿ 12 ವರ್ಷಕ್ಕೆ ಬಾಡಿಗೆಗೆ ಕೊಡುವುದು ನಿಯಮ. ಅವಧಿ ಮುಗಿದ ಮೇಲೂ ಹಳೆ ಬಾಡಿಗೆಯಲ್ಲೇ ಮುಂದುವರಿದು, ಹರಾಜು ಕೋರ್ಟಿಗೆ ಹೋಗಿ ನಿಲ್ಲುವ ಕಥೆ ರಾಜ್ಯದ ಎಷ್ಟೋ ಊರುಗಳಲ್ಲಿ ಉಂಟು. ಮಳಿಗೆ, ಸಂತೆ ಮಾಳ, ಖಾಲಿ ನಿವೇಶನ, ಕೆರೆ ಅಂಗಳ, ಇವು ಊರು ಇಟ್ಟುಕೊಂಡ ದತ್ತಿ. ಅಸಲು ಕರಗಬಾರದು, ಬಡ್ಡಿ ನಿಲ್ಲಬಾರದು.

ಇಷ್ಟನ್ನೂ ಕೂಡಿಸಿದರೆ ಊರಿನ ಸ್ವಂತ ಆದಾಯ. ಪುರಸಭೆಯ ಬಜೆಟ್ ಕೋಟಿಗಳಲ್ಲಿ ಕಾಣುತ್ತದಲ್ಲ, ಅದರ ದೊಡ್ಡ ಪಾಲು ಇದರಿಂದ ಬಂದದ್ದಲ್ಲ. ಅದು ಅನುದಾನ.

ಅನುದಾನ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ರಾಜ್ಯದ್ದು. 1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಅದರಂತೆ ಪ್ರತಿ ರಾಜ್ಯವೂ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಮಾಡಿ, ರಾಜ್ಯದ ಆದಾಯದಲ್ಲಿ ಹಳ್ಳಿಗೆಷ್ಟು, ಪಟ್ಟಣಕ್ಕೆಷ್ಟು ಅಂತ ಹಂಚಬೇಕು. ಕರ್ನಾಟಕದ ಮೊದಲ ಆಯೋಗ 1994ರಲ್ಲಿ ಅರ್ಥಶಾಸ್ತ್ರಜ್ಞ ಜಿ. ತಿಮ್ಮಯ್ಯ ಅವರ ಅಧ್ಯಕ್ಷತೆಯಲ್ಲಿ ಬಂತು. ಐದನೆಯದು 2023ರಲ್ಲಿ ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ. ಸುಮಾರು ಮೂವತ್ತು ವರ್ಷದಲ್ಲಿ ಆರು ಆಯೋಗ ಬರಬೇಕಿತ್ತು ಅಂತ ಲೆಕ್ಕ ಹಾಕಿದವರಿಗೆ ಗೊತ್ತಾಗುತ್ತದೆ. ಈ ರಾಜ್ಯ ಹಣಕಾಸು ಆಯೋಗದ ಅನುದಾನಕ್ಕೆ ಕಚೇರಿಯಲ್ಲಿ ಎಸ್‌ಎಫ್‌ಸಿ ಅಂತಲೇ ಹೆಸರು. ಎಸ್‌ಎಫ್‌ಸಿ ವೇತನ ಕಾಯಂ ನೌಕರರ ಸಂಬಳಕ್ಕೆ. ಎಸ್‌ಎಫ್‌ಸಿ ವಿದ್ಯುತ್ ಬೀದಿದೀಪ ಮತ್ತು ನೀರೆತ್ತುವ ಪಂಪಿನ ಕರೆಂಟ್ ಬಿಲ್ಲಿಗೆ. ಎಸ್‌ಎಫ್‌ಸಿ ಮುಕ್ತನಿಧಿ ಮಾತ್ರ ಊರು ತೀರ್ಮಾನ ಮಾಡಬಹುದಾದದ್ದು.

ಎರಡನೆಯದು ಕೇಂದ್ರದ ಹಣಕಾಸು ಆಯೋಗದ್ದು. 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಹಾಕಿದ ಕಟ್ಟುಪಾಡು ಹೀಗಿತ್ತು. ನೂರು ರೂಪಾಯಿ ಬಂದರೆ ಮೂವತ್ತು ಕುಡಿಯುವ ನೀರು, ಮಳೆನೀರು ಕೊಯ್ಲಿಗೆ. ಮೂವತ್ತು ಕಸ ವಿಲೇವಾರಿ, ನೈರ್ಮಲ್ಯಕ್ಕೆ. ಉಳಿದ ನಲವತ್ತು ಊರಿನ ಅಗತ್ಯಕ್ಕೆ, ಆದರೆ ಅದರಿಂದ ಸಂಬಳ ಕೊಡುವಂತಿರಲಿಲ್ಲ. ಹಣ ಬೇಕಾದರೆ ಲೆಕ್ಕವನ್ನು ಪರಿಶೋಧನೆ ಮಾಡಿಸಿ ಎಲ್ಲರಿಗೂ ಕಾಣುವಂತೆ ಹಾಕಬೇಕಿತ್ತು, ಮನೆ ಕಂದಾಯದ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ಸಮನಾಗಿ ಏರಬೇಕಿತ್ತು. ಅಂದರೆ ದೆಹಲಿಯಿಂದ ಬರುವ ದುಡ್ಡಿಗೂ ಅರಳಿಕಟ್ಟೆಯ ಬಾಕಿ ಪಟ್ಟಿಗೂ ನೇರ ನಂಟು ಬಂತು. ನನ್ನ ಮಟ್ಟಿಗೆ ಇದು ಒಳ್ಳೆಯ ಷರತ್ತು.

ಇನ್ನೊಂದು ಕಟ್ಟುಪಾಡನ್ನು ಒತ್ತಿ ಹೇಳಬೇಕು. ಸ್ವಂತ ಸಂಪನ್ಮೂಲದಲ್ಲಿ, ಮುಕ್ತನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಮೂರೂ ಸೇರಿದರೆ ನೂರಕ್ಕೆ 36 ರೂಪಾಯಿ 35 ಪೈಸೆ. ಕಾಲೇಜು ಹುಡುಗಿಗೆ ಲ್ಯಾಪ್‌ಟಾಪ್, ನಡೆಯಲಾಗದವರಿಗೆ ತ್ರಿಚಕ್ರ ವಾಹನ, ಕಾಲೊನಿಯ ಒಳಚರಂಡಿ ಸಂಪರ್ಕ, ಇವೆಲ್ಲ ಈ ಹಣದಿಂದ ಆಗುವ ಕೆಲಸ. ಕೊನೆಯ ಕಾಲಂನಲ್ಲಿ ಈ ಶೇಕಡಾವಾರು ಪ್ರತಿ ವರ್ಷ ಪೈಸೆಗೆ ಪೈಸೆ ಸರಿಯಾಗಿ ಬರೆದಿರುತ್ತದೆ, ಏಕೆಂದರೆ ಬರೆಯದಿದ್ದರೆ ಆಕ್ಷೇಪಣೆ ಬರುತ್ತದೆ. ಮೊದಲ ಕಾಲಂನಲ್ಲಿ ಎಷ್ಟು ಖರ್ಚಾಯಿತು ನೋಡಿ. ಅಲ್ಲಿ ಹಣ ಖರ್ಚಾಗದೆ ಉಳಿದಿದ್ದರೆ ಅದು ಒಬ್ಬ ಹುಡುಗಿಯ ಒಂದು ವರ್ಷ. ಮುಂದಿನ ಮಾರ್ಚ್‌ನಲ್ಲಿ ಆ ಹಣ ಸಿಕ್ಕರೂ ಅವಳ ಆ ವರ್ಷ ವಾಪಸು ಬರುವುದಿಲ್ಲ.

ಪತ್ರಿಕೆಗಳಲ್ಲಿ ಬರುವ "ಇಷ್ಟು ಲಕ್ಷ ಉಳಿತಾಯ ಬಜೆಟ್" ಅನ್ನುವ ತಲೆಬರಹದ ಒಳಗೂ ಇದೇ ಸಂಗತಿ ಅಡಗಿರುತ್ತದೆ. ಏಪ್ರಿಲ್ ಒಂದರ ಆರಂಭಿಕ ಶಿಲ್ಕಿನಲ್ಲಿ ಮುಗಿಯದ ಕಾಮಗಾರಿಯ ಹಣ, ಖರ್ಚಾಗದ ಮೀಸಲು, ಗುತ್ತಿಗೆದಾರರ ಠೇವಣಿ, ಕಳಿಸಬೇಕಾದ ಕರ ಎಲ್ಲ ಸೇರಿಕೊಂಡಿರುತ್ತದೆ. ಮನೆಯಲ್ಲಿ ಬಾಡಿಗೆ ಕೊಡದೆ, ಅಂಗಡಿ ಸಾಲ ತೀರಿಸದೆ ತಿಂಗಳ ಕೊನೆಗೆ ಡಬ್ಬಿಯಲ್ಲಿ ದುಡ್ಡು ಉಳಿಯಿತು ಅಂತ ಯಾವ ಗೃಹಿಣಿಯೂ ಹೇಳುವುದಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟರೆ ಈ ಭಾಗದಲ್ಲಿ ಬಜೆಟ್ ಬಗ್ಗೆ ಮಾತಾಡಿದಂತೆಯೇ ಅಲ್ಲ. ಭದ್ರಾ ಅಣೆಕಟ್ಟು ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಹಾದುಹೋಗುವುದು ಅಜ್ಜಂಪುರದ ಹತ್ತಿರ. ಕಡೂರು, ನೆರೆಯ ಬೀರೂರು ಎರಡೂ ಬಯಲು ಸೀಮೆಯ ಊರುಗಳು, ಭದ್ರೆಯ ನೀರು ಪೈಪಿನಲ್ಲಿ ಬಂದರೇ ಅವುಗಳ ನಲ್ಲಿ ತುಂಬುವುದು. ಆ ನೀರು ತಾನಾಗಿ ಹರಿದು ಬರುವುದಿಲ್ಲ. ಎತ್ತಬೇಕು, ಶುದ್ಧ ಮಾಡಬೇಕು, ಮತ್ತೆ ಎತ್ತಿ ಟ್ಯಾಂಕಿಗೆ ಹತ್ತಿಸಬೇಕು. ಪ್ರತಿ ಬಿಂದಿಗೆಯ ಹಿಂದೆಯೂ ಕರೆಂಟ್ ಇದೆ. ಆ ಕರೆಂಟಿನ ಬಿಲ್ಲು ಹೆಚ್ಚಾಗಿ ಎಸ್‌ಎಫ್‌ಸಿ ವಿದ್ಯುತ್ ಅನುದಾನದಲ್ಲಿ ಮೇಲಿನಿಂದ ಮೇಲೆಯೇ ವಿದ್ಯುತ್ ಕಂಪನಿ ಮೆಸ್ಕಾಂಗೆ ಹೋಗಿಬಿಡುತ್ತದೆ. ಊರಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಾವು ಕಟ್ಟುವ ನೀರಿನ ಕಂದಾಯ ಮಾತ್ರ ನಮಗೆ ಗೊತ್ತು, ಅದನ್ನೂ ಎಷ್ಟೋ ಜನ ಕಟ್ಟುವುದಿಲ್ಲ.

ನಮ್ಮ ನೀರುಗಂಟಿ ಬೆಳಗಿನ ಜಾವ ಐದಕ್ಕೆ ಎದ್ದು, ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು, ಯಾವ ಬೀದಿಗೆ ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಮನೆಗೆ ನೀರು ಹತ್ತುತ್ತದೆ ಅನ್ನುವುದನ್ನು ಕೈಯಲ್ಲೇ ಬಲ್ಲವನು. ಆದರೆ ಒಂದು ಲೀಟರ್ ನೀರಿಗೆ ಊರು ಎಷ್ಟು ಖರ್ಚು ಮಾಡುತ್ತದೆ, ಎಷ್ಟು ಸೋರಿಹೋಗುತ್ತದೆ ಅನ್ನುವ ಅಂಕಿಯನ್ನು ಬಜೆಟ್ ಪುಸ್ತಕದಲ್ಲಿ ಹುಡುಕಿದರೆ ಒಂದೇ ಕಡೆ ಸಿಗುವುದಿಲ್ಲ. ಪಂಪ್ ದುರಸ್ತಿ ಒಂದು ಪುಟದಲ್ಲಿ, ಬ್ಲೀಚಿಂಗ್ ಪೌಡರ್ ಮತ್ತು ಆಲಂ ಇನ್ನೊಂದರಲ್ಲಿ, ಹೊರಗುತ್ತಿಗೆ ವಾಲ್ವ್‌ಮ್ಯಾನ್ ಕೂಲಿ ಮತ್ತೊಂದರಲ್ಲಿ, ಕರೆಂಟ್ ಅನುದಾನದ ಪುಟದಲ್ಲಿ, ಬೇಸಿಗೆಯ ಟ್ಯಾಂಕರ್ ಬರಪರಿಹಾರದಲ್ಲಿ. ಈ ಐದನ್ನೂ ಒಂದು ಹಾಳೆಗೆ ತಂದು ನೀರಿನ ಜಮಾಖರ್ಚು ಅಂತ ಹೆಸರು ಕೊಟ್ಟರೆ, ಊರಿನ ಸಭೆಯ ಸ್ವರೂಪವೇ ಬದಲಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದು, ಹಳೆಯ ಕ್ಯಾಷ್ ಬುಕ್ ಪದ್ಧತಿ ಹೋಗಿ ಜೋಡಿ ನಮೂದು ಬಂದ ಮೇಲೆ, ಬೇಕಾದ ಅಂಕಿ ಎಲ್ಲ ಕಂಪ್ಯೂಟರ್‌ನಲ್ಲೇ ಇದೆ. ಒಬ್ಬ ಲೆಕ್ಕಿಗ ಒಂದು ದಿನ ಕೂತರೆ ಆಗುವ ಕೆಲಸ.

ಅಜ್ಜಂಪುರದವರು ಬೇರೆಯೇ ಚಿಂತೆ ಹೊತ್ತು ಬಂದಿದ್ದಾರೆ ಅಂತ ನನಗೆ ಗೊತ್ತು. ಅಮೃತಮಹಲ್ ತಳಿಯ ಊರು, ಈರುಳ್ಳಿಯ ಊರು, ಕಥೆಗಾರ ಆನಂದರ ನಿಜ ಹೆಸರಿನಲ್ಲಿರುವ ಊರು. 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು, ಆಮೇಲೆ ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂತು. ಬೋರ್ಡು ಬದಲಾದಾಗ ಸಂಭ್ರಮ ಆಗುವುದು ಸಹಜ. ಆದರೆ ಬೋರ್ಡಿನ ಹಿಂದೆ ಇಡೀ ಲೆಕ್ಕವೇ ಬದಲಾಗುತ್ತದೆ. ಕಂದಾಯ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ 1964ರ ಪುರಸಭೆಗಳ ಕಾಯ್ದೆಗೆ ದಾಟುತ್ತದೆ. ಆಸ್ತಿ ದಾಖಲೆಯಲ್ಲಿ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9, 11 ಹೋಗಿ ಪಟ್ಟಣದ ಇ-ಆಸ್ತಿಯ ನಮೂನೆ 3 ಬರಬೇಕು. ಅದು ಆಗುವವರೆಗೆ ಮನೆ ಮಾರಲೂ ಆಗದು, ಸಾಲ ಪಡೆಯಲೂ ಆಗದು ಅಂತ ಜನ ಅಲೆಯುತ್ತಾರೆ. ಎಲ್ಲಕ್ಕಿಂತ ದೊಡ್ಡ ನಷ್ಟ ಕೂಲಿಕಾರರದ್ದು. ಉದ್ಯೋಗ ಖಾತರಿ ಇರುವುದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ನಿನ್ನೆಯವರೆಗೆ ಕೆರೆ ಹೂಳು ತೆಗೆದು ಬ್ಯಾಂಕ್ ಖಾತೆಗೆ ಕೂಲಿ ಪಡೆಯುತ್ತಿದ್ದ ಹೆಂಗಸು, ಮನೆ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗದೆ ಪಟ್ಟಣದವಳಾಗಿ ಆ ಹಕ್ಕು ಕಳೆದುಕೊಳ್ಳುತ್ತಾಳೆ. ಹೊಸ ಪಟ್ಟಣ ಪಂಚಾಯಿತಿಯ ಮೊದಲ ಕೆಲವು ಬಜೆಟ್‌ಗಳು ಅವಳನ್ನು ನೆನೆಯಬೇಕು. ಕೆರೆ ಏರಿ, ರಾಜಕಾಲುವೆ, ಗಿಡ ನೆಡುವ ಕೆಲಸ ಇವನ್ನೆಲ್ಲ ಜೆಸಿಬಿಗೆ ಕೊಡದೆ ಜನರ ಕೈಗೆ ಕೊಡುವ ಒಂದು ಬಾಬು ಮುಕ್ತನಿಧಿಯಲ್ಲಿ ಇರಲಿ ಅಂತ ನಾನು ಬಲವಾಗಿ ಕೇಳುತ್ತೇನೆ.

ಅಜ್ಜಂಪುರಕ್ಕೆ ಒಂದು ಅನುಕೂಲವೂ ಇದೆ. ಅದರ ಕಂದಾಯದ ಬೇಡಿಕೆ ವಹಿ ಹೊಸದು. ಮೊದಲ ದಿನದಿಂದಲೇ ಸರಿಯಾಗಿ ಬರೆದರೆ ಹಳೆ ಊರುಗಳ ಹಳೆ ಬಾಕಿಯ ಹೊರೆ ಅದಕ್ಕೆ ಬರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ-ಖಾತೆ ಕೊಡುವ ಅಭಿಯಾನ ಶುರು ಮಾಡಿತು. ಕಂದಾಯದ ಪುಸ್ತಕದ ಹೊರಗೇ ಇದ್ದ ಎಷ್ಟೋ ಮನೆಗಳು ಹಾಗೆ ಒಳಗೆ ಬಂದವು. ಆ ಮನೆಗಳಿಂದ ಕಂದಾಯ ತೆಗೆದುಕೊಂಡ ಮೇಲೆ ಆ ಬೀದಿಗೆ ದೀಪ, ನೀರು ಕೊಡುವ ಹೊಣೆಯೂ ಊರಿಗೆ ಬಂತು. ಅದು ಖರ್ಚಿನ ಕಡೆ ಬರೆದಿದೆಯೇ ನೋಡಬೇಕು.

ತರೀಕೆರೆಯ ಹೆಸರು ಎತ್ತಿದರೆ ನಾಡಿನ ಮಕ್ಕಳೆಲ್ಲ ನಾಲಿಗೆ ತೊಡರಿಸಿಕೊಂಡು ಹೇಳುವ ಆ ಕೆರೆ ಏರಿ, ಕರಿ ಕುರಿಮರಿ ನೆನಪಾಗುತ್ತವೆ. ಪಾಳೆಯಗಾರರ ಕಾಲದ ಊರು, ಕೆರೆಗಳ ಊರು. ಇಂಥ ಹಳೇ ಊರಿನ ಬಜೆಟ್‌ನಲ್ಲಿ ನಾನು ಮೊದಲು ನೋಡುವುದು ಕೆರೆ, ಕಾಲುವೆ, ಹಳೇ ಮೋರಿಗಳ ನಿರ್ವಹಣೆಗೆ ಇಟ್ಟ ಮೊತ್ತ. ಹೊಸ ಕಾಂಕ್ರೀಟ್ ರಸ್ತೆಗೆ ಅನುದಾನ ಸಿಗುತ್ತದೆ, ಶಂಕುಸ್ಥಾಪನೆಯ ಕಲ್ಲು ಸಿಗುತ್ತದೆ. ಇದ್ದ ಮೋರಿಯ ಹೂಳು ತೆಗೆಯಲು ಯಾವ ಯೋಜನೆಯೂ ದುಡ್ಡು ಕೊಡುವುದಿಲ್ಲ. ಅದನ್ನು ಸ್ವಂತ ಆದಾಯದಲ್ಲೇ ಮಾಡಬೇಕು. ಆದ್ದರಿಂದ ಕಂದಾಯ ವಸೂಲಿ ಕಡಿಮೆಯಾದ ವರ್ಷ ಮೊದಲು ಏಟು ಬೀಳುವುದು ಮೋರಿಗೆ, ಮತ್ತು ಮೋರಿಗೆ ಇಳಿಯುವ ಪೌರಕಾರ್ಮಿಕರಿಗೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅಂತ ರಾಜ್ಯದ ಮಾನದಂಡ. 35 ಸಾವಿರ ಜನರ ಊರಿಗೆ 50 ಜನ ಆಯಿತು. ಅವರ ಕೈಗವಸು, ಬೂಟು, ಬೆಳಗಿನ ಉಪಾಹಾರ, ಆರೋಗ್ಯ ತಪಾಸಣೆ ಎಲ್ಲವೂ ಬಜೆಟ್‌ನಲ್ಲಿ ಒಂದೊಂದು ಸಾಲು. ಸಣ್ಣ ಸಾಲು. ಮೊದಲ ಕಾಲಂನಲ್ಲಿ ಆ ಸಾಲು ಖಾಲಿ ಇದ್ದರೆ ಬಜೆಟ್ ಬಗ್ಗೆ ನನಗೆ ಬೇರೆ ಏನೂ ಕೇಳಬೇಕಿಲ್ಲ.

ಬಜೆಟ್ ಹೇಗೆ ಆಗುತ್ತದೆ ಅಂತ ಕೇಳುವಿರಿ. ಚಳಿಗಾಲದಲ್ಲಿ ಮುಖ್ಯಾಧಿಕಾರಿ, ಲೆಕ್ಕಿಗರು, ಎಂಜಿನಿಯರ್, ಆರೋಗ್ಯ ನಿರೀಕ್ಷಕರು ತಮ್ಮ ತಮ್ಮ ಬಾಬಿನ ಅಂದಾಜು ಕೊಡುತ್ತಾರೆ. ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ಮಾಡಬೇಕು, ಸಾಮಾನ್ಯವಾಗಿ ಎರಡು ಸಭೆ. ಆಮೇಲೆ ಕೌನ್ಸಿಲ್‌ನ ವಿಶೇಷ ಸಭೆಯಲ್ಲಿ ಅಧ್ಯಕ್ಷರು ಮಂಡಿಸುತ್ತಾರೆ. ಚುನಾಯಿತ ಅಧ್ಯಕ್ಷರು ಇಲ್ಲದಿದ್ದರೆ ಆಡಳಿತಾಧಿಕಾರಿ ಒಬ್ಬರೇ ಮಂಡಿಸಿ ಒಬ್ಬರೇ ಒಪ್ಪುತ್ತಾರೆ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ 2024ರ ಆಗಸ್ಟ್‌ನಲ್ಲಿ ಹೊರಬೀಳುವವರೆಗೆ ರಾಜ್ಯದ ಅನೇಕ ಊರುಗಳಲ್ಲಿ ಹಾಗೇ ನಡೆಯಿತು. ಗೆದ್ದ ಸದಸ್ಯರು ಮನೆಯಲ್ಲಿ, ಬಜೆಟ್ ಕಚೇರಿಯಲ್ಲಿ. ಬಜೆಟ್ ಒಪ್ಪಿಗೆಯಾದ ಮೇಲೆ ಪ್ರತಿ ಅನುದಾನಕ್ಕೂ ಕ್ರಿಯಾಯೋಜನೆ ಮಾಡಿ ಜಿಲ್ಲಾಧಿಕಾರಿಗಳ ಅನುಮೋದನೆಗೆ ಕಳಿಸಬೇಕು, ಆಮೇಲೆ ಟೆಂಡರು. ಜನ ಕಾಯುವ ತಿಂಗಳುಗಳೆಲ್ಲ ಈ ದಾರಿಯಲ್ಲಿ ಕಳೆಯುತ್ತವೆ.

ಜನರನ್ನು ಕೂರಿಸಿಕೊಂಡು ಬಜೆಟ್ ಮಾಡುವುದು ಆಗದ ಮಾತಲ್ಲ. ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಶುರು ಮಾಡಿತು. ಪಕ್ಕದ ಕೇರಳ 1996ರಲ್ಲಿ ಜನತಾ ಯೋಜನೆ ಅಂತ ಮಾಡಿ, ರಾಜ್ಯದ ಯೋಜನಾ ಹಣದಲ್ಲಿ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗಿಟ್ಟಿತು. ನಮ್ಮಲ್ಲಿ ಪೂರ್ವಭಾವಿ ಸಭೆಯ ನಿಯಮ ಇದೆ, ಕುರ್ಚಿಗಳೂ ಇರುತ್ತವೆ. ಅವುಗಳಲ್ಲಿ ಕೂರುವವರು ಇರುವುದಿಲ್ಲ. ಬಂದವರೂ ಬೀದಿನಾಯಿ, ಹಂದಿ, ಫ್ಲೆಕ್ಸು ಅಂತ ದೂರಿ ಎದ್ದು ಹೋಗುತ್ತಾರೆ. ದೂರು ನ್ಯಾಯವಾದದ್ದೇ. ಆದರೆ ಅಂಕಿ ಇಲ್ಲದ ದೂರಿಗೆ "ಪರಿಶೀಲಿಸಲಾಗುವುದು" ಅನ್ನುವ ಒಂದೇ ಮಾತು ಸಾಕಾಗಿಬಿಡುತ್ತದೆ.

ಅಂಥ ಒಂದು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆಗ ನಾನು ಕೆಲಸದಿಂದ ನಿವೃತ್ತನಾಗಿದ್ದೆ. ಊರು ಯಾವುದಾದರೂ ಆಗಬಹುದು. ಹದಿನೈದು ಇಪ್ಪತ್ತು ಜನ ಇದ್ದರು. ಸಂಘದ ಪುಸ್ತಕ ಬರೆದು ಅಭ್ಯಾಸ ಇದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಕೈಯಲ್ಲಿ ಹಿಂದಿನ ವರ್ಷದ ಬಜೆಟ್ ಪುಸ್ತಕ. ಅದನ್ನು ಹೇಗೆ ಸಂಪಾದಿಸಿದರೋ, ಒಂದು ಪುಟದಲ್ಲಿ ಬಸ್ ಟಿಕೆಟ್ ಗುರುತಿಗೆ ಇಟ್ಟಿದ್ದರು.

"ಸಾರ್, ಹೋದ್ವರ್ಷ ನಮ್ ಬೀದಿ ಮೋರಿಗೆ ಇದ್ರಲ್ಲಿ ದುಡ್ ಬರ್ದಿದೀರಿ. ಮೋರಿ ಆಗಿಲ್ಲ. ಆ ದುಡ್ಡು ಈ ವರ್ಷ ಯಾವ್ ಪುಟದಲ್ಲಿದೆ, ತೋರ್ಸಿ. ಆಮೇಲೆ ಹೊಸದು ಹೇಳಿ."

ಸಭೆ ಸುಮ್ಮನಾಯಿತು. ಎಂಜಿನಿಯರ್ ಲೆಕ್ಕಿಗರ ಮುಖ ನೋಡಿದರು. ಲೆಕ್ಕಿಗರು ಪುಸ್ತಕ ತೆಗೆದು ಹಾಳೆ ತಿರುವತೊಡಗಿದರು. ಒಂದು ಹಾಳೆ, ಇನ್ನೊಂದು ಹಾಳೆ. ಅವರು ಹುಡುಕುತ್ತಿದ್ದದ್ದು ಯಾವ ಕಾಲಂ ಅಂತ ನನಗೆ ಗೊತ್ತಿತ್ತು. ಆ ತಾಯಿ ಕೂರಲಿಲ್ಲ. ಪುಸ್ತಕ ಎದೆಗೆ ಒತ್ತಿ ಹಿಡಿದು, ಅವರು ಆ ಪುಟ ಹುಡುಕಿ ಮುಗಿಸುವವರೆಗೂ ನಿಂತೇ ಇದ್ದರು.